ಭತ್ತದ ಕೋಣೆ ಇಲ್ಲದ ಸಿನಿಮಾ

ಆ ಸಿನಿಮಾ ನಮ್ಮ ಮನೆಗೆ ಒಂದು ತಾಮ್ರದ ಕೊಡದಷ್ಟು ಬಿತ್ತು. ಐದು ಮಂದಿ ಹೆಂಗಸರಿಗೆ ಕುರ್ಚಿಯ ಟಿಕೆಟ್ಟು, ಸತ್ಯನಾರಾಯಣಪೇಟೆಯಿಂದ ಟಾಕೀಸಿಗೆ ಹೋಗಿ ಬರಲು ಎರಡು ಜಟಕಾ, ವಿರಾಮದಲ್ಲಿ ಒಬ್ಬೊಬ್ಬರಿಗೆ ಒಂದು ಗೋಲಿಸೋಡಾ. ನಡೆದುಹೋಗಿ ಬೆಂಚಿನ ಮೇಲೆ ಕೂತಿದ್ದರೆ ಕೊಡ ಉಳಿಯುತ್ತಿತ್ತು. ಆದರೆ ಅಜ್ಜಿ ಅದುವರೆಗೆ ಟಾಕೀಸಿನ ಒಳಗೆ ಕಾಲಿಟ್ಟವಳಲ್ಲ, ಇಡುವುದಾದರೆ ಬೀಗರ ಮನೆಗೆ ಹೋದ ಹಾಗೆ ಮರ್ಯಾದೆಯಿಂದಲೇ ಇಡಬೇಕು ಎಂದು ಹಟ ಹಿಡಿದಳು. ಅಪ್ಪನನ್ನು ಕೇಳುವಂತಿರಲಿಲ್ಲ, ಸಿನಿಮಾ ಎಂಬ ಮಾತು ಕಿವಿಗೆ ಬಿದ್ದರೆ ಅವನು ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಹಾಗಾಗಿ ಅಜ್ಜಿಯ ಮದುವೆಯಲ್ಲಿ ಬಂದ ಕೊಡ ಪಾತ್ರೆ ಅಂಗಡಿಗೆ ಹೋಯಿತು. ಅಂಗಡಿಯವನು ತಕ್ಕಡಿಗೆ ಇಡುವ ಮೊದಲೇ ಒಂದು ಬೆಲೆ ಹೇಳಿದ. ಅಜ್ಜಿ ಬಾಯಿ ಬಿಡಲಿಲ್ಲ, ಕೊಡ ಎತ್ತಿ ಸೊಂಟಕ್ಕಿಟ್ಟು ಎರಡು ಹೆಜ್ಜೆ ನಡೆದಳು, ಅವನೇ ಕರೆದ. ಆಮೇಲೆ ನಾನು ಬಟ್ಟೆ ವ್ಯಾಪಾರಕ್ಕೆ ಇಳಿದು, ಒಂದು ಹೊಲಿಗೆ ಮಿಷನ್ನಿನಿಂದ ಶುರುಮಾಡಿ ಗಾಂಧಿನಗರದಲ್ಲಿ ಸ್ವಂತ ಅಂಗಡಿ ಮಾಡುವ ತನಕ ಎಷ್ಟೋ ಕೊಟ್ಟಿದ್ದೇನೆ, ಎಷ್ಟೋ ಕೊಂಡಿದ್ದೇನೆ. ಆ ಕೊಡಕ್ಕೆ ಬಂದಷ್ಟು ಬೆಲೆ ಬೇರೆ ಯಾವ ವಸ್ತುವಿಗೂ ಬಂದಿದ್ದನ್ನು ಕಂಡಿಲ್ಲ. ಯಾಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ಪಡಸಾಲೆಯಿಂದಲೇ ಶುರುಮಾಡಬೇಕು.

ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ಮೂರು ಕೋಣೆಯ ಮನೆ ನಮ್ಮದು. ಮುಂದೆ ಪಡಸಾಲೆ, ನಡುವೆ ನಡುಮನೆ, ಹಿಂದೆ ಅಡಿಗೆಮನೆ. ಮೇಲೆ ಕಲ್ಲುಚಪ್ಪಡಿ. ಬಳ್ಳಾರಿಯ ಬೇಸಿಗೆಯಲ್ಲಿ ಹನ್ನೊಂದು ಗಂಟೆಗೇ ಚಪ್ಪಡಿ ಕಾದು ಕೆಳಗಿನವರನ್ನು ರೊಟ್ಟಿಯಂತೆ ಬೇಯಿಸುತ್ತಿತ್ತು. ಬಾಗಿಲಿಗೆ ಗೋಣಿತಟ್ಟು ಕಟ್ಟಿ ಅದಕ್ಕೆ ನೀರು ಎರಚುವುದು ನನ್ನ ಕೆಲಸ. ಅಪ್ಪ ಕುರುಗೋಡಿನಿಂದ ಬಂದು ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದಿದ್ದ. ಊರಿನ ಹೊಲದ ಶೇಂಗಾ ಚೀಲಗಟ್ಟಲೆ ನಮ್ಮ ಪಡಸಾಲೆಗೆ ಬರುತ್ತಿತ್ತು. ಬಿತ್ತನೆಗೆ ಬೇಕಾದದ್ದನ್ನು ಹೆಂಗಸರು ಕೈಯಿಂದಲೇ ಸುಲಿಯಬೇಕು. ಅವ್ವ ಮತ್ತು ಅಜ್ಜಿಗೆ ಮುಂಜಾನೆಯೆಲ್ಲ ಜಗಳ: ಚಟ್ನಿಗೆ ಉಪ್ಪು ಹೆಚ್ಚಾಯಿತು, ರೊಟ್ಟಿ ದಪ್ಪಾಯಿತು, ಬಚ್ಚಲಿಗೆ ಬೂದಿ ಯಾರು ಹಾಕಬೇಕು. ಮಧ್ಯಾಹ್ನ ಶೇಂಗಾದ ರಾಶಿಯ ಸುತ್ತ ಕೂತಾಗ ಮಾತ್ರ ಕದನ ವಿರಾಮ. ಪಕ್ಕದ ಮನೆಯ ಸುಬ್ಬಮ್ಮ ಆಗ ಬರುತ್ತಿದ್ದಳು. ಆಂಧ್ರದ ಕಡೆಯ ಹೆಂಗಸು, ಅಳುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ.

ಆ ವರ್ಷ ಸುಲಿಯುವವರಲ್ಲಿ ಇನ್ನೊಬ್ಬಳು ಸೇರಿದ್ದಳು: ಪಂಪತ್ತೆ, ಅಪ್ಪನ ತಂಗಿ. ಸಿರುಗುಪ್ಪಕ್ಕೆ ಮದುವೆ ಮಾಡಿ ಕೊಟ್ಟು ಎರಡು ವರ್ಷವಾಗಿತ್ತು. ಒಂದು ದಿನ ಒಂದು ಟ್ರಂಕು ಹಿಡಿದು ಒಬ್ಬಳೇ ಬಸ್ಸಿಳಿದು ಬಂದಳು. ಯಾಕೆ ಬಂದೆ ಎಂದು ಎಷ್ಟು ಕೇಳಿದರೂ ಒಂದೇ ಮಾತು.

"ನಾನು ವಾಪಸು ಹೋಗಂಗಿಲ್ಲವ್ವಾ."

ಅವಳಿಗಿಂತ ಒಂದು ದಿನ ಮೊದಲೇ ಅವಳ ಗಂಡನ ಪತ್ರ ಬಂದಿತ್ತು. ಅಪ್ಪ ಅದನ್ನು ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದ್ದ, ಅತ್ತೆ ಬಂದ ಮೇಲೆ ಅವಳೆದುರಿಗೂ ಓದಿದ. ಮುತ್ತಿನಂಥ ಅಕ್ಷರ. "ಅವಳು ಏನಾದರೂ ಕಥೆ ಕಟ್ಟಿ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವಳ ತಪ್ಪಲ್ಲ, ತಲೆ ಹಾಗೆ ಹೇಳಿಸುತ್ತದೆ. ಆಗಾಗ ಕೋಣೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡು ಸಂಜೆಯ ತನಕ ಕೂಡುತ್ತಾಳೆ. ಕರೆದರೆ ಬರುವುದಿಲ್ಲ. ಸ್ವಲ್ಪ ದಿನಕ್ಕೆ ತವರಿಗೆ ಕಳಿಸುತ್ತಿದ್ದೇನೆ, ಅಲ್ಲಿದ್ದರೆ ಸರಿಹೋದಾಳು." ಈ ಪತ್ರದ ಚಾಣಾಕ್ಷತನ ನನಗೆ ತಿಳಿದಿದ್ದು ನಾನು ವ್ಯಾಪಾರ ಕಲಿತ ಮೇಲೆ. ಎದುರಿನವನು ಬಾಯಿ ತೆರೆಯುವ ಮೊದಲೇ ಅವನ ಮಾತಿನ ಬೆಲೆ ಇಳಿಸಿಬಿಟ್ಟರೆ, ಆಮೇಲೆ ಅವನು ಏನು ಹೇಳಿದರೂ ನಷ್ಟ ಅವನಿಗೇ. ಅತ್ತೆ ಸತ್ಯ ಹೇಳಿದರೂ ಅದು ಹುಚ್ಚಿಗೆ ಸಾಕ್ಷಿ. ಅದಕ್ಕೇ ಅವಳು ಬಾಯಿ ಹೊಲಿದುಕೊಂಡಳು. ನಮ್ಮವರು ಯಾರೂ ಹೋಗಿ ಕಣ್ಣಾರೆ ನೋಡಲಿಲ್ಲವೇ ಎಂದು ನೀವು ಕೇಳಬಹುದು. ಮಗಳಿಗೆ ಮಗುವಾಗುವ ತನಕ ತವರಿನವರು ಅವಳ ಗಂಡನ ಮನೆಯ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಮನೆಯ ರೂಢಿ. ಅಪ್ಪ ಎರಡು ಸಲ ಹೋಗಿದ್ದ, ಎರಡು ಸಲವೂ ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಬಂದಿದ್ದ.

ಮಾವ, ಅಂದರೆ ಪಂಪತ್ತೆಯ ಗಂಡ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಬಿಳಿ ಧೋತರ, ಕೈಯಲ್ಲಿ ಮೋಸಂಬಿಯ ಬುಟ್ಟಿ, ಮೆತ್ತನೆಯ ದನಿ. ಅವನು ಬಂದ ದಿನ ಹೋಳಿಗೆ. ಅವನು ಕೂತಿರುವಷ್ಟು ಹೊತ್ತು ಅತ್ತೆ ಅಡಿಗೆಮನೆಯ ಬಾಗಿಲ ಪಕ್ಕ ನಿಂತಿರುತ್ತಿದ್ದಳು, ಒಂದು ಕೈ ಬಾಗಿಲ ಮೇಲೆ. ಬಾಗಿಲು ಗಾಳಿಗೆ ಅಲುಗಿದರೂ ಬೆಚ್ಚುತ್ತಿದ್ದಳು.

"ಪಂಪಾ, ಆರಾಮ ಅದೀಯೇನು?" ಎಂದು ಅವನು ಅಲ್ಲಿಂದಲೇ ಕೇಳುತ್ತಿದ್ದ. "ಗುಳಿಗಿ ತಗೊಂತೀ ಇಲ್ಲೋ?"

"ಎಂಥಾ ಮನಶ್ಯಾ!" ಎಂದು ಅವ್ವ ಆಮೇಲೆ ಹೋಳಿಗೆಯ ತಟ್ಟೆ ತೊಳೆಯುತ್ತಾ ಅನ್ನುತ್ತಿದ್ದಳು. "ಬ್ಯಾರೇದವ್ನಾಗಿದ್ರ ಇನ್ನೊಂದು ಲಗ್ನ ಆಗ್ತಿದ್ದ."

ಅತ್ತೆ ಏಳನೆಯ ತರಗತಿ ಓದಿದವಳು. ಮನೆಯ ಹೆಂಗಸರಲ್ಲಿ ಅಕ್ಷರ ಬರುತ್ತಿದ್ದುದು ಅವಳೊಬ್ಬಳಿಗೆ. ನಾನು ಇನ್ನೂ ಕೂಡಿಸಿ ಕೂಡಿಸಿ ಓದುವವಳು. ಸುಬ್ಬಮ್ಮ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ತಂದಳು, ಊರೆಲ್ಲ ಅದನ್ನೇ ಮಾತಾಡುತ್ತಿದ್ದರು. ಬೆಟ್ಟದ ಊರಿನ ಒಂದು ಬಂಗಲೆ. ಅಲ್ಲೊಬ್ಬ ಡಾಕ್ಟರ ಹೆಂಡತಿ. ಒಂದು ಸಂಜೆ ಕಿಟಕಿಯಿಂದ ನೋಡುವಾಗ ಕೆರೆಯ ದಂಡೆಯ ಮೇಲೆ ಒಬ್ಬ ಇನ್ನೊಬ್ಬನನ್ನು ನೀರಿಗೆ ತಳ್ಳುತ್ತಾನೆ. ಅವಳು ಓಡಿಹೋಗಿ ಹೇಳುತ್ತಾಳೆ. ಯಾರೂ ನಂಬುವುದಿಲ್ಲ. ಗಂಡ ನಕ್ಕು ತಲೆ ಸವರಿ, ನಿದ್ದೆಯ ಔಷಧಿ ಕೊಡುತ್ತಾನೆ. ದಿನವೂ ಎರಡು ಅಧ್ಯಾಯ. ಅತ್ತೆಯ ದನಿ ಒಂದೇ ಸಮ, ಏರಿಳಿತವಿಲ್ಲ; ಅದಕ್ಕೇ ಇನ್ನಷ್ಟು ಹೆದರಿಕೆ. ಕೆರೆಯ ಭಾಗ ಬಂದಾಗ ಶೇಂಗಾ ಒಡೆಯುವ ಚಟಚಟ ಸದ್ದು ನಿಂತೇಹೋಗಿತ್ತು.

ನಾಲ್ಕನೆಯ ದಿನ ಕಥೆಯೊಳಗೆ ಭತ್ತದ ಕೋಣೆ ಬಂತು. ಗಂಡ ಕೆಲಸಕ್ಕೆ ಹೋಗುವಾಗ ಅವಳನ್ನು ಭತ್ತದ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುತ್ತಾನೆ. ಕಿಟಕಿಯಿಲ್ಲ. ಭತ್ತದ ಕಾವು ಮೇಲೇರಿ ಉಸಿರು ಕಟ್ಟುತ್ತದೆ. ಹೊರಗೆ ಅವನ ತಾಯಿ ಕೂತು, ಬಂದ ನೆರೆಯವರಿಗೆಲ್ಲ 'ಸೊಸೆ ಮಲಗ್ಯಾಳ' ಅನ್ನುತ್ತಾಳೆ. ಸಂಜೆ ಗಂಡ ಬಂದು ಬಾಗಿಲು ತೆಗೆದು, ಏನೂ ಗೊತ್ತಿಲ್ಲದವನಂತೆ ಮೆತ್ತಗೆ ಕೇಳುತ್ತಾನೆ: 'ಅಯ್ಯೋ, ಯಾಕ ಇಲ್ಲಿ ಬಂದು ಕುಂತಿ?' ದಿನಾ ಹಾಗೆ ಕೇಳಿಸಿಕೊಂಡು, ಕಡೆಗೆ ತಾನೇ ಹೋಗಿ ಕೂತೆನೇನೋ ಎಂದು ಅವಳಿಗೇ ಅನುಮಾನ ಬರತೊಡಗುತ್ತದೆ.

"ಡಾಕ್ಟ್ರ ಮನ್ಯಾಗ ಭತ್ತ ಎಲ್ಲಿಂದ ಬಂತಮ್ಮಾ?" ಎಂದು ಸುಬ್ಬಮ್ಮ ಕೇಳಿದಳು.

"ಹೊಲ ಐತಂತ ಬರ್ದಾರ," ಎಂದಳು ಅತ್ತೆ ಪುಸ್ತಕದಿಂದ ಕಣ್ಣೆತ್ತದೆ.

"ಪಾಪಂ ತಲ್ಲೀ! ಆ ಗಂಡನ ಕೈ ಸೇದಿ ಹೋಗಲಿ!" ಎಂದು ಸುಬ್ಬಮ್ಮ ಲಟಿಕೆ ಮುರಿದಳು.

ಅಜ್ಜಿಯ ಕಣ್ಣಲ್ಲಿ ನೀರು. "ಆಕಿ ತವರಮನಿಯವ್ರೆಲ್ಲ ಸತ್ತಾರೇನು? ಒಬ್ಬರೂ ಹೋಗಿ ಕೇಳಬಾರದಾ? ಎಂಥಾ ಕಲ್ಲುಮಂದಿ ಇದ್ದಾರು!"

ಅತ್ತೆ ಅದೇ ಸಮದನಿಯಲ್ಲಿ ಮುಂದುವರಿಸಿದಳು. ನಾನು ಅವಳ ಬೆನ್ನಿಗೆ ಒರಗಿ ಭುಜದ ಮೇಲಿಂದ ಪುಸ್ತಕದೊಳಗೆ ಇಣುಕುತ್ತಿದ್ದೆ, ಅಕ್ಷರ ಹುಡುಕುವ ಚಟ. ಅವಳು ಅಷ್ಟು ಹೊತ್ತು ಓದಿದರೂ ಒಂದು ಹಾಳೆ ಕೂಡ ತಿರುವಲಿಲ್ಲ. ಆ ಪುಟದಲ್ಲಿ ಇದ್ದುದು ಕೆರೆ, ಮಂಜು, ಒಂದು ದೋಣಿ. ಭತ್ತ ಎಲ್ಲೂ ಇರಲಿಲ್ಲ. ಸಂಜೆ ಹಿತ್ತಲಲ್ಲಿ ಅವಳನ್ನು ಹಿಡಿದೆ.

"ಅತ್ತಿ, ನೀನು ಹಾಳಿ ತಿರುವಲಿಲ್ಲ. ಅವ್ವಗ ಹೇಳ್ತೀನಿ."

ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಬ್ಯಾಡ ನೀಲಿ. ನಿನಗ ಏನು ಬೇಕು ಕೇಳು."

ಅವಳ ಜಡೆಯಲ್ಲಿದ್ದ ಕೆಂಪು ನೈಲಾನ್ ರಿಬ್ಬನ್ನು ಕೇಳಿದೆ. ಅಲ್ಲೇ ಬಿಚ್ಚಿ ಕೊಟ್ಟಳು. ಅದು ನನ್ನ ಜೀವನದ ಮೊದಲ ವ್ಯವಹಾರ, ಅದರ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ. ಕೇಳಿದ ಬೆಲೆಗೆ ಒಬ್ಬರು ಒಂದು ಮಾತೂ ಆಡದೆ ಒಪ್ಪಿದರೆ ಹಿಗ್ಗಬೇಡಿ. ಅವರು ಯಾವುದೋ ಹೆದರಿಕೆಯಲ್ಲಿದ್ದಾರೆ ಎಂದೇ ಅರ್ಥ. ಅಂದು ನನಗೆ ಅಷ್ಟು ತಿಳಿಯಲಿಲ್ಲ. ಬರೆದದ್ದನ್ನು ಮಾತ್ರ ನಂಬುವ ಮನೆಯಲ್ಲಿ, ತನ್ನ ಮಾತನ್ನು ಅಚ್ಚಾದ ಪುಸ್ತಕದೊಳಗೆ ಸೇರಿಸಿ ಓದಿ, ನಮ್ಮ ಮನಸ್ಸು ಎಲ್ಲಿದೆ ಎಂದು ಅವಳು ತೂಗಿ ನೋಡುತ್ತಿದ್ದಳು. ಪುಸ್ತಕ ಮುಗಿಯಿತು, ಅಂಗಡಿಗೆ ವಾಪಸು ಹೋಯಿತು. ಅಜ್ಜಿ ಮಾತ್ರ ವಾರಗಟ್ಟಲೆ ಆ ಡಾಕ್ಟರ ಹೆಂಡತಿಗಾಗಿ ಮರುಗಿದಳು. ಎದುರಿಗೆ ಕೂತ ಮಗಳಿಗೆ ಹೇಳುತ್ತಿದ್ದುದು ಬೇರೆ: "ಮುಂದಿನ ಸೋಮವಾರ ನಿನ್ನ ಗಂಡ ಕರಕೊಂಡು ಹೋಗಾಕ ಬರ್ತಾನ. ಸುಮ್ಮನ ಹೋಗು. ನಿಮ್ಮಣ್ಣ ಮಾತು ಕೊಟ್ಟಾನ."

ಆ ಸೋಮವಾರಕ್ಕೆ ಮೂರು ದಿನವಿರುವಾಗ ಅದೇ ಕಾದಂಬರಿಯ ಸಿನಿಮಾ ಊರಿಗೆ ಬಂತು. ಕಪ್ಪು ಬಿಳುಪಿನ ದೊಡ್ಡ ಪೋಸ್ಟರು: ಕಿಟಕಿಯ ಸರಳು ಹಿಡಿದ ಹೆಂಗಸು, ಹಿಂದೆ ಗಂಡಸಿನ ನೆರಳು. ಮಗಳನ್ನು ಕಳಿಸುವ ಮುಂಚೆ ಒಂದು ಸಂತೋಷ ಕೊಡೋಣ ಎಂದು ಅಜ್ಜಿಗೆ ಆಸೆ. ಅತ್ತೆ ಮಾತ್ರ ಬೇಡವೇ ಬೇಡ ಅಂದಳು. ಅಜ್ಜಿ ಕೊಡ ಮಾರಿ ಬಂದ ಮೇಲೆ ಇನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅತ್ತೆ ಬಚ್ಚಲಲ್ಲಿ ನನ್ನ ರಟ್ಟೆ ಹಿಡಿದು ಪಿಸುಗುಟ್ಟಿದಳು:

"ಸಿನಿಮಾದಾಗ ಆ ಖೋಲಿ ಬರಂಗಿಲ್ಲ ನೀಲಿ. ನಾನು ಕಥಿ ಕಟ್ಟೀನಿ ಅಂತ ಗೊತ್ತಾಗ್ತೈತಿ. ಆ ಪತ್ರದಾಗ ಬರ್ದಿದ್ದು ಖರೇ ಅಂತಾರ. ಸೋಮವಾರ ತಾವೇ ಕೈಯಾರ ನನ್ನ ಬಸ್ಸು ಹತ್ತಿಸಿ ಕಳಸ್ತಾರ."

ಮಧ್ಯಾಹ್ನದ ಆಟ. ಒಳಗೆ ಕತ್ತಲೆ, ಬೀಡಿ ಹೊಗೆ, ತಲೆಯ ಮೇಲೆ ಕಿರುಗುಡುವ ಫ್ಯಾನು. ನಾನು ಅಜ್ಜಿ ಮತ್ತು ಅತ್ತೆಯ ನಡುವೆ. ಪರದೆಯ ಮೇಲೆ ಮಂಜು, ಕೆರೆ, ಮೆಟ್ಟಿಲ ಮೇಲೆ ಬೂಟಿನ ಸಪ್ಪಳ, ಹಾಲಿನ ಲೋಟಕ್ಕೆ ಔಷಧಿ ಬೆರೆಸುವ ಒಂದು ಕೈ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನನಗೆ ಆ ಕೊಲೆಗಾರನ ಹೆದರಿಕೆ ಇರಲಿಲ್ಲ, ಅಜ್ಜಿಯ ಹೆದರಿಕೆ.

"ಭತ್ತದ ಖೋಲಿ ಯಾವಾಗ ಬರ್ತೈತಿ?" ಎಂದಳು ಅಜ್ಜಿ ವಿರಾಮಕ್ಕೆ ಮುಂಚೆ, ನಾಲ್ಕು ಸಾಲಿಗೆ ಕೇಳುವಂತೆ.

"ಸುಮ್ಮನ ನೋಡಬೇ," ಎಂದು ಹಿಂದಿನಿಂದ ಯಾರೋ ಗದರಿದರು.

ಸೋಡಾ ಕುಡಿದ ಮೇಲೆ ಮತ್ತೆ ಕೇಳಿದಳು. ಕೆರೆ ಬತ್ತಿ ಹೆಣ ಸಿಕ್ಕಾಗಲೂ ಕೇಳಿದಳು. ಡಾಕ್ಟರ ಹೆಂಡತಿ ಹೇಳಿದ್ದೇ ನಿಜವೆಂದು ಊರು ಒಪ್ಪಿತು, ಗಂಡನ ಕೈಗೆ ಬೇಡಿ ಬಿತ್ತು, ದೀಪ ಹತ್ತಿತು, ಜನ ಎದ್ದರು. ಅಜ್ಜಿ ಏಳಲಿಲ್ಲ. ಗೇಟಿನವನು ಬಂದ.

"ಮುಗೀತು, ಏಳ್ರಿ ಅಮ್ಮ."

"ಎಲ್ಲಿ ಮುಗೀತು? ಭತ್ತದ ಖೋಲಿನ ಬಂದಿಲ್ಲ. ರೀಲು ಕತ್ತರಿಸೀರೇನು?"

"ಎಂಥಾ ಭತ್ತ? ನಾನು ದಿನಾ ಮೂರು ಸಲ ನೋಡ್ತೀನ್ರಿ. ಅಂಥಾದ್ದೇನಿಲ್ಲ ಇದರಾಗ."

ಮನೆಯ ಹೊಸ್ತಿಲು ದಾಟಿದ ಕೂಡಲೇ ಅವ್ವ ಸೆರಗು ಕೊಡವಿ ಅಂದಳು: "ಅಂದ್ರ ಕಥಿ ಕಟ್ಯಾಳ. ಅವ್ರು ಪತ್ರದಾಗ ಬರ್ದಿದ್ದು ಅಕ್ಷರಾ ಅಕ್ಷರಾ ಖರೇ ಆತು ನೋಡ್ರಿ. ಪಾಪ, ಎಂಥಾಕಿನ ಕಟ್ಕೊಂಡಾರ!"

ಅಜ್ಜಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ನೀಲಿ, ನೀನು ಬೆನ್ನಿಗೆ ಕುಂತು ನೋಡ್ತಿದ್ದಿ. ಪುಸ್ತಕದಾಗ ಇತ್ತೋ ಇಲ್ಲೋ?"

ರಿಬ್ಬನ್ನು ನನ್ನ ಜಡೆಯಲ್ಲೇ ಇತ್ತು. ಅತ್ತೆ ಗೋಡೆ ನೋಡುತ್ತಿದ್ದಳು. "ಇರಲಿಲ್ಲ," ಎಂದೆ. ಅವಳನ್ನು ನಾನೇ ಮುಳುಗಿಸಿದೆ ಎಂದುಕೊಂಡೆ.

"ಪುಸ್ತಕದಾಗೂ ಇಲ್ಲಂದ್ರ ಆ ಖೋಲಿ ಎಲ್ಲಿಂದ ಬಂತು?" ಎನ್ನುತ್ತಾ ಅಜ್ಜಿ ನಡುಮನೆಗೆ ಹೋಗಿ ಅತ್ತೆಯ ಟ್ರಂಕು ಎಳೆದಳು. ಸೀರೆ ಒಂದೊಂದಾಗಿ ತೆಗೆದು ಕೊಡವಿದಳು, ಏನೂ ಬೀಳಲಿಲ್ಲ. ಆಮೇಲೆ ಒಂದು ಹಳೆಯ ಲಂಗ ತೆಗೆದು, ಲಾಡಿ ಪೋಣಿಸುವ ಪಟ್ಟಿಯನ್ನು ಬೆರಳಲ್ಲಿ ಒತ್ತುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು, ಹಲ್ಲಿನಿಂದ ಹೊಲಿಗೆ ಹರಿದಳು. ಅಂಗೈಗೆ ಉದುರಿದ್ದು ಭತ್ತದ ಹೊಟ್ಟು, ಚೂಪಾದ ತೆನೆಮುಳ್ಳು. ಆ ಪಟ್ಟಿಯೊಳಗೆ ಹೊಕ್ಕಿದ್ದು ಎಷ್ಟು ಒಗೆದರೂ ಹೊರಗೆ ಬರುವುದಿಲ್ಲ. ಬಟ್ಟೆಯವಳಾಗಿ ಇದು ನನಗೆ ಚೆನ್ನಾಗಿ ಗೊತ್ತು. ಭತ್ತದ ಮೇಲೆ ತಾಸುಗಟ್ಟಲೆ ಹೊರಳಾಡದೆ ಅದು ಅಲ್ಲಿಗೆ ಹೋಗುವುದೂ ಇಲ್ಲ. ಜೋಳ ಶೇಂಗಾ ಬಿಟ್ಟರೆ ಬೇರೆ ಕಾಣದ ಒಣನೆಲ ಕುರುಗೋಡು. ಭತ್ತ ಇರುವುದು ಕಾಲುವೆ ನೀರಿನ ಸಿರುಗುಪ್ಪದ ಕಡೆ. ಅಜ್ಜಿ ಆ ಹೊಟ್ಟನ್ನು ಬೆರಳ ನಡುವೆ ಉಜ್ಜಿ ಉಜ್ಜಿ ನೋಡಿದಳು.

"ಮೈ ಕಡೀತಿತ್ತೇನವ್ವಾ?" ಎಂದಳು, ಅಷ್ಟೇ.

"ಮೊದಮೊದಲು ಕಡೀತಿತ್ತು," ಎಂದಳು ಅತ್ತೆ. "ಆಮ್ಯಾಲ ರೂಢಿ ಆತು."

ಅಜ್ಜಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ಅಳಲಿಲ್ಲ. ಪುಸ್ತಕದ ಹೆಂಗಸಿಗೆ ಅತ್ತು ಅತ್ತು ಅವಳ ಕಣ್ಣೀರು ಮುಗಿದಿತ್ತೋ ಏನೋ.

ಆದರೆ ಅಪ್ಪ ಬೇರೆ ತರಹದ ಮನುಷ್ಯ. ಲಂಗದ ಹೊಟ್ಟು ತೋರಿಸಿದರೆ ಹೆಂಗಸರ ಮಾತು ಎಂದು ತಳ್ಳಿಹಾಕುವವನು; ಸತ್ಯ ಮಾವನ ಬಾಯಿಂದಲೇ ಬರಬೇಕು. ಸೋಮವಾರ ಮುಂಜಾನೆ ಮಾವ ಮೋಸಂಬಿ ಬುಟ್ಟಿಯೊಂದಿಗೆ ಬಂದ. ಅಪ್ಪ ಮಂಡಿಗೆ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದ. ಟ್ರಂಕು ಬಾಗಿಲಲ್ಲೇ ಸಿದ್ಧವಾಗಿತ್ತು. ಅಜ್ಜಿ ಶೇಂಗಾ ಸುಲಿಯುತ್ತಾ ಏನೋ ನೆನಪಾದವಳಂತೆ ಕೇಳಿದಳು:

"ನಮ್ಮ ಶೇಂಗಾ ಚೀಲ ಇಡಾಕ ಇಲ್ಲಿ ಜಾಗ ಸಾಲವಲ್ದು. ನಿಮ್ಮನ್ಯಾಗ ಭತ್ತ ಇಡೋ ಖೋಲಿ ಐತಂತಲ್ರಿ, ಗಟ್ಟಿ ಐತೇನು?"

"ಭಾಳ ಗಟ್ಟಿ ಅತ್ತಿ," ಮಾವ ಉಬ್ಬಿದ. "ಕಲ್ಲಿನ ಗ್ವಾಡಿ, ಕಿಟಕಿ ಇಲ್ಲ. ಒಂದು ಇಲಿ ಹೋಗಾಂಗಿಲ್ಲ."

"ಚಿಲಕ?"

"ಹೊರಗ ಕಬ್ಬಿಣದ್ದು. ಮ್ಯಾಲ ಬೀಗ."

"ಒಳಗ?"

"ಒಳಗ ಯಾಕ್ರಿ? ಭತ್ತ ಎದ್ದು ಚಿಲಕ ಹಾಕ್ಕೊಂತೈತೇನು?" ಅವನು ನಕ್ಕ. ಅಪ್ಪನೂ ನಕ್ಕ.

"ಇನ್ನ ಎಷ್ಟು ಖೋಲಿ ಅದಾವ್ರಿ ಮನ್ಯಾಗ?"

"ಇನ್ನೆಲ್ಲಿವ್ರೀ ಅತ್ತಿ. ಬಾಗಲಿಲ್ಲದ ಪಡಸಾಲಿ, ಅಡಿಗಿಮನಿ, ಆ ಖೋಲಿ. ಮುಗೀತು."

"ಹಂಗಾರ ನಮ್ಮ ಪಂಪಿ ಒಳಗಿಂದ ಚಿಲಕ ಹಾಕ್ಕೊಂಡು ಸಂಜಿತನಕ ಕೂಡತಿದ್ದ ಖೋಲಿ ಯಾವುದ್ರಿ?"

ಕೇಳಿ ಅಜ್ಜಿ ತಲೆ ತಗ್ಗಿಸಿ ಶೇಂಗಾ ಸುಲಿಯತೊಡಗಿದಳು. ಚಟ್, ಚಟ್. ಮಾವನ ನಗು ಮುಖದ ಮೇಲೆ ಹಾಗೇ ನಿಂತು ಒಣಗಿತು.

"ಅದು... ಅಡಿಗಿಮನಿ."

"ನಿಮ್ಮವ್ವ ಅಡಿಗಿ ಎಲ್ಲಿ ಮಾಡತಿದ್ಳು?"

ಮತ್ತೆ ಚಟ್, ಚಟ್. ಅಪ್ಪ ಎದ್ದು ಒಳಗೆ ಹೋದ, ಪತ್ರ ತಂದ, ನಿಂತುಕೊಂಡೇ ಆ ಸಾಲನ್ನು ಓದಿದ, ಈ ಸಲ ಮನಸ್ಸಿನಲ್ಲೇ. ಎರಡು ಸಲ ಓದಿದ. ಆಮೇಲೆ ಬಾಗಿಲಲ್ಲಿದ್ದ ಟ್ರಂಕನ್ನು ಎತ್ತಿ ನಡುಮನೆಗೆ ಇಟ್ಟು ಬಂದ. ಮೋಸಂಬಿ ಬುಟ್ಟಿಯನ್ನು ಮಾವನ ಮಡಿಲಿಗೆ ಕೊಟ್ಟ.

"ಬಸ್ಸಿನ ಹೊತ್ತಾತು. ಹೊಂಡ್ರಿ," ಎಂದ.

ಅತ್ತೆ ಆಮೇಲೆ ನಮ್ಮ ಮನೆಯಲ್ಲೇ ಉಳಿದಳು. ಹೊಲಿಗೆ ಕಲಿತಳು, ನನಗೂ ಕಲಿಸಿದಳು. ಅವ್ವ ಕೆಲವು ವರ್ಷ ಅವಳೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ, ಅಪ್ಪ ಕಡೆಯ ತನಕ ಆ ಸೋಮವಾರದ ಸುದ್ದಿ ಎತ್ತಲಿಲ್ಲ. ತಾನು ಮಲಗುವ ನಡುಮನೆಯ ಬಾಗಿಲನ್ನು ಮಾತ್ರ ಅತ್ತೆ ಎಂದೂ ಪೂರ್ತಿ ಮುಚ್ಚಲಿಲ್ಲ. ಅಜ್ಜಿಯಿಂದ ನಾನು ಕಲಿತಿದ್ದು ಅಂದಿನ ಚಟ್ ಚಟ್: ಕೇಳಬೇಕಾದ್ದನ್ನು ಒಂದು ಸಲ ಕೇಳಿ, ಆಮೇಲೆ ಕೈಗೆ ಕೆಲಸ ಕೊಟ್ಟು ಬಾಯಿ ಮುಚ್ಚಿಕೊಂಡಿರುವುದು. ಬಟ್ಟೆ ಮಾರುವಾಗಲೂ ಇದೇ ನನ್ನ ಬಂಡವಾಳ.

ನೀವು ಮಗಳನ್ನು ಕೊಟ್ಟವರಾಗಿದ್ದರೆ ಕೇಳಿ. ಅವಳು ಒಬ್ಬಳೇ ತವರಿಗೆ ಬಂದರೆ ಯಾಕೆ ಬಂದೆ ಎಂದು ಪೀಡಿಸಬೇಡಿ, ಉಣ್ಣಲು ಕೊಡಿ, ಬಟ್ಟೆ ನೀವೇ ಒಗೆಯಿರಿ. ಅಳಿಯನ ಗುಣದ ಬಗ್ಗೆ ಅವನನ್ನೇ ಕೇಳಿ ಪ್ರಯೋಜನವಿಲ್ಲ. ಮನೆಯ ಬಗ್ಗೆ ಕೇಳಿ, ಎಷ್ಟು ಕೋಣೆ, ಯಾರು ಎಲ್ಲಿ ಮಲಗುತ್ತಾರೆ, ನೀರು ಎಲ್ಲಿಂದ ಬರುತ್ತದೆ. ಹೊಸ್ತಿಲು ದಾಟಬಾರದು ಎಂಬ ರೂಢಿ ನಿಮ್ಮಲ್ಲೂ ಇದ್ದರೆ ಇವತ್ತೇ ಬಿಡಿ. ವಾರದ ನಡುವಿನ ಒಂದು ದಿನ, ಹೇಳದೆ, ಮುಂಜಾನೆಯ ಬಸ್ಸಿಗೆ ಹೋಗಿ. ಒಂದು ಸೀಪು ಬಾಳೆಹಣ್ಣು ಸಾಕು. ಕಟ್ಟೆಯ ಮೇಲೆ ಚಹಾ ಕೊಟ್ಟರೆ ಲೋಟ ಹಿಡಿದುಕೊಂಡೇ ಒಳಗೆ ನಡೆಯಿರಿ. ನೋಡಬೇಡಿ ಎಂದ ಕೋಣೆಯ ಎದುರಿಗೆ ಚಾಪೆ ಹಾಸಿಕೊಂಡು ಕೂಡಿ. ಕಡೆಯ ಬಸ್ಸು ತಪ್ಪಿದರೆ ತಪ್ಪಲಿ.